ಬಲಗೈಗೆ ಕಟ್ಟಿದ ಗಡಿಯಾರ

ಆ ಬೀದಿಯವರ ಬಾಯಲ್ಲಿ ಅವನು ಸೆಕೆಂಡಜ್ಜ. ಯಾರು ಏನು ಕೇಳಿದರೂ ಮೊದಲು "ಒಂದು ಸೆಕೆಂಡು ತಾಳಿ" ಅನ್ನುವುದು ಅವನ ಅಭ್ಯಾಸ, ಆ ಸೆಕೆಂಡು ಮುಗಿಯುವಷ್ಟರಲ್ಲಿ ಕೇಳಿದವರ ಕಾಲು ಜೋಮು ಹಿಡಿದಿರುತ್ತಿತ್ತು. ಟೈಲರ್ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದಂಥ ಸಂದಿಯಲ್ಲಿ ಅವನ ಗಡಿಯಾರದ ರಿಪೇರಿ. ಗೋಡೆಯ ಮೇಲೆ ಹನ್ನೊಂದು ಗಡಿಯಾರ, ಹನ್ನೊಂದಕ್ಕೂ ಒಂದೇ ಹೊತ್ತು. ಅದರಲ್ಲಿ ಒಂದು ಅರ್ಧ ನಿಮಿಷ ಹಿಂದೆ ಬಿದ್ದರೆ ಮನುಷ್ಯನಿಗೆ ಊಟ ಸೇರುತ್ತಿರಲಿಲ್ಲ. ಹಿಂದಿನ ಬಾಗಿಲು ತೆಗೆದರೆ ಮನೆ, ಮನೆಯಲ್ಲಿ ಅಜ್ಜಿ.

ರಿಪೇರಿ ಮಾಡಿದ ಗಡಿಯಾರವನ್ನು ಅಜ್ಜ ಹಾಗೇ ಕೊಟ್ಟು ಕಳಿಸುವವನಲ್ಲ. ಒಂದಿಡೀ ದಿನ ತನ್ನ ಕೈಗೆ ಕಟ್ಟಿಕೊಂಡು ಓಡಾಡುತ್ತಿದ್ದ. ಎಡಗೈಯಲ್ಲಿ ಅಪ್ಪ ಕೊಟ್ಟ ಹಳೇ ಗಡಿಯಾರ, ಬಲಗೈಯಲ್ಲಿ ಗಿರಾಕಿಯದು, ಗಳಿಗೆಗೊಮ್ಮೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುವುದು. ಮೇಜಿನ ಮೇಲೆ ಮಲಗಿದಾಗ ಎಲ್ಲಾ ಗಡಿಯಾರವೂ ಸಾಧುವೇ, ಕೈಗೆ ಹತ್ತಿದ ಮೇಲೇ ಅದರ ಬಣ್ಣ ಬಯಲಾಗುವುದು ಅಂತ ಅವನ ವಾದ. ನಲವತ್ತೆರಡು ವರ್ಷ ಹೀಗೇ ನಡೆದಿತ್ತು.

ಆದರೆ ಒಂದು ವರ್ಷದಿಂದ ಅವನ ಬಲಗೈ ಬೆರಳು ನಡುಗಲು ಶುರುವಾಗಿತ್ತು. ಅಜ್ಜ ಇದನ್ನು ಯಾರಿಗೂ ಹೇಳಿರಲಿಲ್ಲ, ಅಜ್ಜಿಗಂತೂ ಮೊದಲೇ ಇಲ್ಲ. ನಡುಕ ಬಂದಾಗ ಮೊಣಕೈಯನ್ನು ಮೇಜಿಗೆ ಒತ್ತಿ, ಅದು ಹೋಗುವ ತನಕ ಗಿರಾಕಿಯ ಹತ್ತಿರ ಏನಾದರೂ ಹರಟುತ್ತಿದ್ದ. ದಿನಕ್ಕೆ ಮೂರು ಸಲ ಅಜ್ಜಿ ತಂದುಕೊಡುವ ಚಹಾ ಒಂದು ಹನಿಯೂ ತುಳುಕುತ್ತಿರಲಿಲ್ಲವಲ್ಲ, ಅದೇ ಅವನ ಧೈರ್ಯ. ಹಾಗಿದ್ದರೂ ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದ. ತನ್ನ ಕೈಯಿಂದ ಯಾವತ್ತು ಒಂದು ಗಡಿಯಾರ ಕೆಟ್ಟಿತೋ ಅವತ್ತೇ ಅಂಗಡಿಗೆ ಬೀಗ.

ಒಂದು ಬೆಳಿಗ್ಗೆ ದುಭಾಷಿ ಹೆಂಗಸೊಬ್ಬಳು ಬಂದಳು. ದೇಶ ದೇಶ ಸುತ್ತಿ, ಇಬ್ಬರ ನಡುವೆ ಕೂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸುವ ಕೆಲಸ. ಕೈಯಿಂದ ಗಡಿಯಾರ ಬಿಚ್ಚಿ ಕೊಟ್ಟು, ದಿನಕ್ಕೆ ಐದು ನಿಮಿಷ ಹಿಂದೆ ಬೀಳ್ತಿದೆ, ನಾಳೆ ಮಧ್ಯಾಹ್ನ ವಿಮಾನ, ಹತ್ತು ಗಂಟೆಗೆ ಬರ್ತೀನಿ ಅಂದಳು. ಸೋದರತ್ತೆ ಕೊಟ್ಟದ್ದು ಅಂತಲೂ ಹೇಳಿದಳು. ಅಷ್ಟೇ, ಬೇರೆ ಏನೂ ಹೇಳಲಿಲ್ಲ. ಹೇಳಿದ್ದರೆ ನಮ್ಮಜ್ಜನ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ನೋಡಲು ಸಾದಾ ಗಡಿಯಾರ. ಬಿಳಿ ಮುಖ, ಮೂರು ಮುಳ್ಳು, ತಾರೀಕು ಗೀರೀಕು ಏನೂ ಇಲ್ಲ. ಹಿಂದಿನ ಮುಚ್ಚಳ ತೆಗೆದ ಮೇಲೆ ಅಜ್ಜ ಮುಖವನ್ನು ಇನ್ನಷ್ಟು ಹತ್ತಿರ ತಂದ. ಯಾರ ಕಣ್ಣಿಗೂ ಬೀಳದ ಜಾಗದಲ್ಲೂ ಒಂದೊಂದು ಚಕ್ರದ ಅಂಚನ್ನೂ ಕನ್ನಡಿಯ ಹಾಗೆ ತಿಕ್ಕಿದ್ದರು. ಇಂಥದ್ದರ ಮಾತು ಕೇಳಿದ್ದನೇ ಹೊರತು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಕೆಲಸವೇನೋ ಸಣ್ಣದು, ವೇಗ ತಿದ್ದುವ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು. ಸರಿಸಿಯೂ ಆಯಿತು. ಅಷ್ಟರಲ್ಲಿ ಬೆರಳು ನಡುಗಿ ಚಿಮಟ ಜಾರಿ, ಯಾವುದೋ ಚಕ್ರಕ್ಕೆ ತಾಗಿ ಟಿಕ್ ಅಂತ ಸದ್ದಾಯಿತು. ಅಜ್ಜ ಭೂತಗನ್ನಡಿ ಹಾಕಿಕೊಂಡು ಮೂರು ಸಲ ನೋಡಿದ, ಗೀರೂ ಇಲ್ಲ, ಸೊಟ್ಟವೂ ಇಲ್ಲ. ಮುಚ್ಚಳ ಬಿಗಿದು ಬಲಗೈಗೆ ಕಟ್ಟಿಕೊಂಡ.

ಮಧ್ಯಾಹ್ನದ ತನಕ ಎರಡೂ ಗಡಿಯಾರ ಅಣ್ಣತಮ್ಮಂದಿರ ಹಾಗೆ ಜೊತೆಗೆ ನಡೆದವು. ಊಟ ಮುಗಿಸಿ, ಅಂಗೈ ಮೇಜಿಗೆ ಊರಿ ಎದ್ದು ನೋಡುತ್ತಾನೆ, ಎಡಗೈಯಲ್ಲಿ ಎರಡು ಗಂಟೆ ಹತ್ತು ನಿಮಿಷ, ಬಲಗೈಯಲ್ಲಿ ಮೂರು ಗಂಟೆ ಹತ್ತು ನಿಮಿಷ. ನಿಮಿಷ ಸರಿ, ಗಂಟೆ ಮಾತ್ರ ಒಂದು ಹೆಚ್ಚು! ಗಂಟೆ ಮುಳ್ಳು ಸಡಿಲವಾಯಿತು, ತಾನೇ ಸಡಿಲ ಮಾಡಿದೆ ಅಂದುಕೊಂಡ. ಸಂಜೆ ಅಂಗೈಯಿಂದ ಅಂಗಡಿಯ ಬಾಗಿಲು ತಳ್ಳಿ ಮುಚ್ಚಿದ ಮೇಲೆ ನೋಡಿದರೆ ಎರಡು ಗಂಟೆ ಹೆಚ್ಚು. ಏಳರ ಹೊತ್ತಿಗೆ ಹನ್ನೆರಡರ ಅಂಕಿಯ ಕೆಳಗೆ ಸಾಸಿವೆಯಷ್ಟು ಕಪ್ಪು ಚುಕ್ಕಿಯೂ ಮೂಡಿತು. ಒಳಗಿನ ಎಣ್ಣೆ ಮುಖಕ್ಕೆ ಸೋರಿದೆ, ಇನ್ನೇನು ಉಳಿದಿದೆ! ಅಜ್ಜ ಗಡಿಯಾರ ಬಿಚ್ಚಿ ಡಬ್ಬಿಯಲ್ಲಿಟ್ಟು ಮುಚ್ಚಿದ, ಮತ್ತೆ ಅದನ್ನು ತೆರೆಯುವ ಧೈರ್ಯ ಬರಲಿಲ್ಲ. ಎಂಥೆಂಥ ಗಡಿಯಾರದ ರೋಗವನ್ನು ಕೂತಲ್ಲೇ ಯೋಚಿಸಿ ಹಿಡಿದಿದ್ದ ಮನುಷ್ಯ ಅವತ್ತು ಯೋಚಿಸಲೇ ಇಲ್ಲ. ಉತ್ತರವನ್ನು ಭಯವೇ ಕೊಟ್ಟುಬಿಟ್ಟಿತ್ತು ನೋಡಿ.

ಊಟಕ್ಕೆ ಕೂತಾಗ, ನಾಳೆಯಿಂದ ಅಂಗಡಿ ಇಲ್ಲ ಅಂದ. ಅಜ್ಜಿ ಯಾಕೆ ಅಂತ ಕೇಳಲಿಲ್ಲ. ಆ ಹೆಂಗಸು ಬಂದು ಹೋಗಲಿ, ಆಮೇಲೆ ನೋಡೋಣ ಅಂದಳು.

ಮರುದಿನ ಹತ್ತು ಹೊಡೆಯುವಾಗ ದುಭಾಷಿ ಬಂದಳು. ಅಜ್ಜ ಎದ್ದು ನಿಂತು ಡಬ್ಬಿ ಮುಂದಿಟ್ಟ. ರಾತ್ರಿಯಿಡೀ ಜೋಡಿಸಿಟ್ಟಿದ್ದ ಮಾತಿನಲ್ಲಿ ಬಾಯಿಗೆ ಬಂದದ್ದು ಇಷ್ಟೇ.

"ಅಮ್ಮಾ, ಇದನ್ನ ನಾನು ಕೆಡಿಸಿಬಿಟ್ಟೆ. ನನ್ನ ಕೈ ನಡುಗುತ್ತೆ. ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ."

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅಜ್ಜಿಗೂ ಅದು ಕೇಳಿಸಿತು. ದುಭಾಷಿ ಗಡಿಯಾರ ಎತ್ತಿ ನೋಡಿದಳು. ಎರಡು ಗಂಟೆ ಹೆಚ್ಚಿತ್ತು. ಯಾವ ಕೈಗೆ ಕಟ್ಟಿಕೊಂಡಿದ್ರಿ ಅಂತ ಕೇಳಿದಳು. ಬಲಗೈಗೆ, ಗಂಟೆ ಮುಳ್ಳು ಸಡಿಲ ಮಾಡಿಬಿಟ್ಟೆ ಅಂದ. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಲ್ಲ ಅಜ್ಜಾ, ಸಡಿಲವಾದ ಮುಳ್ಳು ಎಲ್ಲಾದರೂ ಲೆಕ್ಕ ಹಾಕಿಕೊಂಡು ಒಂದೊಂದೇ ಗಂಟೆ ನೆಗೆಯುತ್ತಾ?"

ಗಡಿಯಾರದ ಎಡಮಗ್ಗುಲಲ್ಲಿ, ಅಂಚಿಗೆ ಸಮವಾಗಿ ಕೂತಿದ್ದ ಗುಂಡಿಯನ್ನು ತೋರಿಸಿದಳು. ಉಗುರು ಸವರಿದರೂ ಗೊತ್ತಾಗದಂಥದ್ದು. ಅದನ್ನು ಒಂದು ಸಲ ಒತ್ತಿದರೆ ಮುಳ್ಳು ಒಂದು ಗಂಟೆ ಮುಂದೆ, ಹೋದ ದೇಶದ ಹೊತ್ತಿಗೆ. ಒತ್ತಿ ಹಿಡಿದರೆ ವಾಪಸ್ ಮನೆಯ ಹೊತ್ತಿಗೆ. ಹಿಡಿದು ತೋರಿಸಿದಳು, ಮುಳ್ಳು ಸರ್ರನೆ ಹತ್ತಕ್ಕೆ ಬಂದು ನಿಂತಿತು. ಎಡಗೈಗೆ ಕಟ್ಟಿದರೆ ಗುಂಡಿ ಮೊಣಕೈ ಕಡೆ ಇರುತ್ತದೆ, ಏನೂ ಆಗುವುದಿಲ್ಲ. ಬಲಗೈಗೆ ಕಟ್ಟಿ ಅಂಗೈ ಊರಿದರೆ ಮಣಿಕಟ್ಟು ಮಡಚಿ, ಹಿಂಗೈಯೇ ಅದನ್ನು ಒತ್ತುತ್ತದೆ. ಚುಕ್ಕಿಯ ವಿಷಯ ಅಜ್ಜನೇ ಕೇಳಿದ. ಅದು ಚುಕ್ಕಿಯಲ್ಲ, ಕಿಟಕಿ. ಮನೆಯಲ್ಲಿ ರಾತ್ರಿಯಾದರೆ ಕಪ್ಪಾಗುತ್ತದೆ, ಬೆಳಕಾದರೆ ಬಿಳಿ. ದೂರದಿಂದ ಫೋನು ಮಾಡಿ ಮಲಗಿದ ಸೋದರತ್ತೆಯನ್ನು ಎಬ್ಬಿಸಬಾರದಲ್ಲ, ಅದಕ್ಕೆ. ಮುಂಚೆಯೇ ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ಎಲ್ಲರೂ ಒತ್ತಿ ಒತ್ತಿ ನೋಡುತ್ತಾರಂತೆ.

ಅಜ್ಜ ಕುರ್ಚಿಯ ಮೇಲೆ ಕೂತ. ಹೋದ ಜೀವ ಬಂದಂತಾಗಿ, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಅವಳು ನಿಮಿಷದ, ಸೆಕೆಂಡಿನ ಮುಳ್ಳುಗಳನ್ನು ಗೋಡೆಯ ಹನ್ನೊಂದು ಗಡಿಯಾರದ ಜೊತೆ ಹೋಲಿಸಿ, ಒಂದು ಸೆಕೆಂಡೂ ಹಿಂದಿಲ್ಲ, ನಡುಗುವ ಕೈಯಲ್ಲೇ ಸರಿ ಮಾಡಿದ್ದೀರಿ, ಮುಂದಿನ ವರ್ಷವೂ ನಿಮಗೇ ತರೋದು ಅಂದಳು. ವಿಮಾನಕ್ಕೆ ಹೊತ್ತಾಯಿತೆಂದು ಹೊರಟೇಬಿಟ್ಟಳು.

ಆಮೇಲೆ ಅಜ್ಜಿ ಚಹಾ ಮುಂದಿಟ್ಟಳು. ಅಜ್ಜ ತಲೆ ಎತ್ತಲಿಲ್ಲ. ಗುಟ್ಟು ರಟ್ಟಾಗಿತ್ತಲ್ಲ, ಮುಖ ಹುಳ್ಳಗಾಗಿತ್ತು. ಲೋಟ ಎತ್ತುವಾಗ ಕಣ್ಣಿಗೆ ಬಿತ್ತು. ಚಹಾ ಮುಕ್ಕಾಲು ಲೋಟವೇ ಇತ್ತು. ನಿನ್ನೆಯೂ ಅಷ್ಟೇ ಇತ್ತು, ಮೊನ್ನೆಯೂ ಅಷ್ಟೇ.

"ಎಷ್ಟು ದಿನದಿಂದ ಹೀಗೆ ಕೊಡ್ತಿದ್ದೀಯ?"

"ಒಂದು ವರ್ಷ ಆಯ್ತು" ಅಂದಳು ಅಜ್ಜಿ.

ಅಜ್ಜ ಲೋಟ ಅವಳ ಕಡೆ ಸರಿಸಿ, ಇವತ್ತು ತುಂಬ ಹಾಕು ಅಂದ. ಅಜ್ಜಿ ಅಂಚಿನ ತನಕ ಹಾಕಿದಳು. ಎತ್ತಿದ, ನಾಲ್ಕು ಹನಿ ಮೇಜಿನ ಮೇಲೆ ಬಿತ್ತು, ಉಳಿದದ್ದನ್ನು ಕುಡಿದ. ಮೇಜು ಒರೆಸಿ, ಸಾಲಿನಲ್ಲಿದ್ದ ಮುಂದಿನ ಗಡಿಯಾರ ಕೈಗೆತ್ತಿಕೊಂಡ.