ಔಡಲದ ಬುಡಕ್ಕೆ ರಂಜಕ

ಸೊಲ್ಲಾಪುರದ ಕಿರಾಣಿ ವ್ಯಾಪಾರಸ್ಥರ ಮಗಳು ನಾನು. ಅಕ್ಕಲಕೋಟೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ಒಕ್ಕಲುತನದ ಗಂಧಗಾಳಿಯೂ ಗೊತ್ತಿರಲಿಲ್ಲ. ಆದರೂ ಗಂಡನ ಪಾಲಿನ ಎರಡೆಕರೆಯಲ್ಲಿ ನಾನೇ ಔಡಲ, ಅಂದರೆ ಎಣ್ಣೆ ತೆಗೆಯುವ ಹರಳು, ಬೆಳೆಯುತ್ತೇನೆಂದು ಹಟ ಹಿಡಿದೆ. ಲಾರಿ ಓಡಿಸುವ ಗಂಡ ಹೂಂ ಅಂದ. ಅವನ ಅಣ್ಣ, ನಮ್ಮ ಭಾವ, ಅನ್ನಲಿಲ್ಲ.

"ಎರಡ ವರ್ಷ ನೋಡ್ತೀನಿ. ಬೆಳಿಲಿಲ್ಲಂದ್ರ ಹೊಲ ನನಗ ಬಿಟ್ಟು ಒಲಿ ಮುಂದ ಕೂಡ್ರು."

ಮಣ್ಣು ಪರೀಕ್ಷೆಯ ಮರಾಠಿ ಕಾಗದದಲ್ಲಿ 'ಸ್ಫುರದ' ಕಡಿಮೆ ಎಂದಿತ್ತು. ಗಡಿಯಾಚೆಯಿಂದ ಬಂದ ಕನ್ನಡ ಕರಪತ್ರ ಔಡಲಕ್ಕೆ ರಂಜಕ ಕೊಡಿ ಎನ್ನುತ್ತಿತ್ತು. ದುಧನಿಯ ಗೊಬ್ಬರದಂಗಡಿಯಲ್ಲಿ ಎರಡನ್ನೂ ಕೇಳಿದೆ. ಅಂಗಡಿಯವನು ನಕ್ಕು, ಎರಡೂ ಒಂದೇ ಎಂದು ಸೂಪರ್ ಫಾಸ್ಫೇಟಿನ ಚೀಲ ತೋರಿಸಿದ.

ಮನೆಯಲ್ಲಿ ಇನ್ನೊಂದು ಫಜೀತಿ. ನಮ್ಮ ಕಡೆ ರಂಜಕ ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿ. ಹೊಲಕ್ಕೆ ರಂಜಕ ಬೇಕು ಎಂದಾಗ ಅತ್ತೆ ಬಿದ್ದು ಬಿದ್ದು ನಕ್ಕರು.

"ಎರಡ ರೊಟ್ಟಿನೂ ಹಾಕವ್ವಾ, ಬರೇ ರಂಜಕ ತಿಂದ್ರ ಖಾರ ಹತ್ತತದ!"

ಭಾವ ನಗಲಿಲ್ಲ. "ಬದುವಿನ ಮ್ಯಾಲ ಒಗದ್ರೂ ಬೆಳಿಯೋ ಔಡಲಕ್ಕ ಯಾರರ ಗೊಬ್ಬರ ಹಾಕ್ತಾರೇನು?" ಎಂದರು.

ಮೊದಲ ವರ್ಷ ಗೊಬ್ಬರವನ್ನು ಮಣ್ಣಿನ ಮೇಲೆಯೇ ಎರಚಿದೆ. ಏನೂ ಆಗಲಿಲ್ಲ. ಊರವರ ಕೊಂಕು ನಗೆಗೆ ಮೈಯೆಲ್ಲ ಉರಿಯಿತು. ಸುಣ್ಣದ ಅಂಶವಿರುವ ನಮ್ಮ ಕರಿಮಣ್ಣು ರಂಜಕವನ್ನು ಮೇಲೆಯೇ ಹಿಡಿದಿಟ್ಟುಕೊಳ್ಳುತ್ತದೆ, ಬೇರಿನವರೆಗೆ ಇಳಿಯಗೊಡುವುದಿಲ್ಲ ಎಂದು ಅದೇ ಅಂಗಡಿಯವನು ಆಮೇಲೆ ಹೇಳಿದ. ಮೊದಲೇ ಹೇಳಬಾರದಿತ್ತೇ, ಮಹಾರಾಯ!

ಎರಡನೇ ವರ್ಷ ಅದನ್ನು ಕಳಿತ ಸಗಣಿಗೊಬ್ಬರದಲ್ಲಿ ಕಲಸಿ, ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬೀಜಕ್ಕಿಂತ ಆಳದಲ್ಲಿ ಹಾಕಿದೆ. ನಾಲ್ಕು ಸಾಲಿಗೆ ಮಾತ್ರ ಏನೂ ಕೊಡಲಿಲ್ಲ. ನಾಳೆ ಯಾರೂ ಇದು ಮಳೆಯ ಪುಣ್ಯ ಅನ್ನಬಾರದಲ್ಲ.

ಗೊಬ್ಬರ ಉಂಡ ಗಿಡಗಳ ಕಾಂಡ ದಪ್ಪವಾಗಿ, ಗೊನೆ ತುಂಬ ಕಾಯಿ ಹಿಡಿಯಿತು. ಆ ನಾಲ್ಕು ಸಾಲು ಮಾತ್ರ ಮೊಣಕಾಲೆತ್ತರಕ್ಕೇ ಗಿಡ್ಡವಾಗಿ ಉಳಿದವು. ಸುದ್ದಿ ಕೇಳಿ ಭಂಡಾರಕವಠೆಯಿಂದ ಕೆಲವು ರೈತರು ನೋಡಲು ಬಂದರು. ಭಾವ ಎದೆಯುಬ್ಬಿಸಿ ಮುಂದೆ ನಿಂತರು.

"ಈ ಸಲ ನಾವು ರಂಜಕ ಬುಡಕ್ಕ ಕೊಟ್ಟೀವ್ರಿ."

ನನಗೆ ತಡೆಯಲಾಗಲಿಲ್ಲ. "ನಾವಲ್ಲರಿ ಭಾವಾರ, ನಾನು. ನೀವು ಹೇಳಿದಂಗ ಬಿಟ್ಟ ನಾಕ ಸಾಲು ಅಲ್ಲಿ ಅದಾವ, ಅವನ್ನೂ ತೋರಸ್ರಿ."

ಭಾವ ಕೆಮ್ಮಿದರು. ಬಂದವರು ನನ್ನ ಕಡೆ ತಿರುಗಿ, ಎಷ್ಟು ಆಳಕ್ಕೆ ಹಾಕಿದಿರಿ ಎಂದು ಕೇಳಿದರು. ಹೊಲ ಬಿಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎತ್ತಿದ್ದರೂ ನಾನು ಬಿಡುತ್ತಿರಲಿಲ್ಲ.