ದೂರು ಹೇಳದ ಯಂತ್ರ

ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್, ಟಕ್. ಉಗುರಿನಿಂದ ತಗಡು ತಟ್ಟಿದ ಹಾಗೆ.

ಕಿವಿ ಪರೀಕ್ಷೆಯ ಕ್ಲಿನಿಕ್ಕಿನ ಮೂಲೆಕೋಣೆಯಲ್ಲಿ ಎಲ್ಲ ದಾಖಲೆಗಳೂ ಇದ್ದ ಮೇಜಿನಡಿಯ ಸರ್ವರಿಗೆ ಕಿವಿಗೊಟ್ಟು ಕೂತಿದ್ದ ಬ್ಯಾಕಪ್ಪನಿಗೆ ಆ ಸದ್ದಿನ ಗುರುತು ಹತ್ತಿತು. ಡಿಸ್ಕು ಕೊನೆಗಾಲಕ್ಕೆ ಬಂದಾಗ ಹೀಗೇ ಸದ್ದು ಮಾಡುತ್ತದೆ.

ಅವನ ನಿಜವಾದ ಹೆಸರು ಬೇರೆ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತ, ಕಂಡಕಂಡವರನ್ನೆಲ್ಲ "ಬ್ಯಾಕಪ್ ತಗೊಂಡ್ರಾ?" ಎಂದು ಕೇಳಿ ಕೇಳಿ ಈ ಹೆಸರು ಅಂಟಿಕೊಂಡಿತ್ತು. ಮನೆಯಲ್ಲೂ ಅದೇ ಪಾಡು. ಬೀಗ ಹಾಕಿ ಬೀದಿಯ ತುದಿ ತಲುಪಿದವನು ತಿರುಗಿ ಬಂದು ಬೀಗ ಜಗ್ಗಿ ನೋಡುವನು. ನನ್ನದೂ ಒಂದು ಕಾಪಿ ಎಲ್ಲಾದರೂ ಇಟ್ಟಿದ್ದೀರೇನು ಎಂದು ಹೆಂಡತಿ ಛೇಡಿಸುವಳು. ಒಬ್ಬಳನ್ನು ಸಂಭಾಳಿಸುವುದೇ ಸಾಕಾಗಿದೆ ಎಂದು ಅವನ ಉತ್ತರ.

ಆ ಬೆಳಿಗ್ಗೆ ಸದ್ದು ಕೇಳಿಯೂ ಅವನಿಗೆ ಒಂದು ಧೈರ್ಯವಿತ್ತು. ದಿನವೂ ನಸುಕಿನಲ್ಲಿ ಸರ್ವರು ತಾನಾಗಿಯೇ ಒಂದು ಕಮಾಂಡ್ ಓಡಿಸಿ, ರೋಗಿಗಳ ದಾಖಲೆಗಳಿದ್ದ ಇಡೀ ಡೇಟಾಬೇಸನ್ನು ಒಂದು ಫೈಲಿಗೆ ಇಳಿಸಿ, ಬೇರೊಂದು ಡಿಸ್ಕಿನಲ್ಲಿ ಇಡುತ್ತಿತ್ತು. ಅವನು ಬಂದ ಕೂಡಲೇ ಆ ದಿನದ ತಾರೀಖಿನ ಫೈಲು ಇದೆಯೇ ಎಂದು ಕಣ್ಣು ಹಾಯಿಸಿ, ಕ್ಲಿನಿಕ್ಕಿನ ಡಾಕ್ಟರ್ ಮೇಡಂಗೆ "ಆಗಿದೆ" ಎನ್ನುವನು. ಈಗ ಆ ಫೈಲನ್ನು ತೆರೆದ. ಖಾಲಿ. ನಿನ್ನೆಯದನ್ನು ತೆರೆದ. ಅದೂ ಖಾಲಿ. ಒಂದೊಂದಾಗಿ ಹಿಂದೆ ಹೋದ. ಹೆಸರಿದೆ, ತಾರೀಖಿದೆ, ಒಳಗೆ ಹುಲ್ಲುಕಡ್ಡಿಯೂ ಇಲ್ಲ. ಒಂದು ತಿಂಗಳಿಗಿಂತ ಹಿಂದಿನವು ಉಳಿದೇ ಇರಲಿಲ್ಲ. ಜಾಗ ಉಳಿಸಲು ತಿಂಗಳು ದಾಟಿದ್ದನ್ನು ಅಳಿಸುವ ಏರ್ಪಾಟನ್ನೂ ಅವನೇ ಮಾಡಿದ್ದ.

ಬೀಗವನ್ನು ಎರಡೆರಡು ಸಲ ಜಗ್ಗುವವನು ಒಂದು ಫೈಲನ್ನೂ ತೆರೆದು ನೋಡಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಒಬ್ಬ ಪುಟ್ಟ ಹುಡುಗಿ ತಾತನ ಪಕ್ಕ ಕೂತು ಕಾಲಾಡಿಸುತ್ತಿದ್ದಳು. ಅವಳಂಥವರ ಕಿವಿಗೆ ಎಷ್ಟು ಕೇಳುತ್ತದೆ ಎಂಬುದರ ಗೆರೆಗಳೆಲ್ಲ ಇದ್ದದ್ದು ಆ ಡಿಸ್ಕಿನಲ್ಲೇ. ಹಳೆಯ ಗೆರೆಯ ಪಕ್ಕ ಹೊಸದನ್ನು ಇಟ್ಟರೆ ತಾನೇ ಕಿವಿ ಮಂದವಾಗುತ್ತಿದೆಯೇ ಎಂದು ತಿಳಿಯುವುದು? ಹೊಸ ಗೆರೆ ಇವತ್ತೂ ಎಳೆಯಬಹುದು. ಹೋದ ವರ್ಷದ ಕಿವಿಯನ್ನು ಎಲ್ಲಿಂದ ತರುವುದು?

ಎದ್ದ, ಕೂತ, ಮತ್ತೆ ಎದ್ದ. ಡಿಸ್ಕು ಕೆಡುತ್ತಿದೆ, ಯಾರೂ ಯಾವ ಕಂಪ್ಯೂಟರನ್ನೂ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿಬಂದ. ಆಮೇಲೆ ಅದೇ ಕಮಾಂಡನ್ನು ಕೈಯಾರೆ ಓಡಿಸಿದ. ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಫೈಲು ಬಂತು, ಖಾಲಿ.

ಕಮಾಂಡಿನ ಬಾಲ ಕಣ್ಣಿಗೆ ಬಿದ್ದದ್ದು ಆಗ. ಹಿಂದೊಮ್ಮೆ ಅದು ದಿನಾ ಏನೋ ಸಣ್ಣ ಎಚ್ಚರಿಕೆಯನ್ನು ಮೇಡಂ ಅವರ ಮೇಲ್‌ಗೆ ಕಳಿಸುತ್ತಿತ್ತು. ಈ ಗೊಣಗಾಟ ನಿಲ್ಲಿಸಿ ಎಂದು ಅವರು ರೇಗಿದ್ದರು. ಯಾವ ದೂರು ಬಂದರೂ ಎಸೆದುಬಿಡು ಎಂದು ಇವನು ಕೊನೆಗೊಂದು ತುಂಡು ಸೇರಿಸಿದ್ದ. ಯಂತ್ರದ ಬಾಯಿಗೆ ಬಟ್ಟೆ ತುರುಕಿದವನು ತಾನೇ.

ತುಂಡನ್ನು ಅಳಿಸಿ ಮತ್ತೆ ಓಡಿಸಿದ. ಈಗ ಯಂತ್ರ ಬಾಯಿಬಿಟ್ಟಿತು: ಡೇಟಾಬೇಸು ಹೊಸದು, ನಾನು ಹಳಬ, ಇದನ್ನು ನಾನು ಇಳಿಸಲಾರೆ. ಒಂದೆರಡು ತಿಂಗಳ ಹಿಂದೆ ಸಾಫ್ಟ್‌ವೇರಿನವರು ಬಂದು ಡೇಟಾಬೇಸನ್ನು ಹೊಸದಕ್ಕೆ ಏರಿಸಿ ಹೋಗಿದ್ದು ನಿಜ. ಅದರ ಜೊತೆ ಹೊಸ ಬ್ಯಾಕಪ್ ಪ್ರೋಗ್ರಾಮೂ ಬಂದಿರಲೇಬೇಕು. ಇವನ ಕಮಾಂಡು ಮಾತ್ರ ಹಳೆಯದನ್ನೇ ಕರೆಯುತ್ತಿತ್ತು. ಫೋಲ್ಡರುಗಳನ್ನೆಲ್ಲ ಜಾಲಾಡಿ ಹೊಸದನ್ನು ಹುಡುಕಿ, ಅದರ ಪೂರ್ತಿ ವಿಳಾಸ ಬರೆದು ಓಡಿಸಿದ. ಪರದೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಸಾಲುಸಾಲಾಗಿ ಉರುಳತೊಡಗಿತು.

ಟಕ್. ಸಾಲು ನಿಂತಿತು. ಮತ್ತೆ ಉರುಳಿತು.

ಅಷ್ಟರಲ್ಲಿ ಮೇಡಂ ಬಂದು ಬಾಗಿಲಲ್ಲಿ ನಿಂತರು. ಡಿಸ್ಕು ಹೋದರೆ ಹೋಗಲಿ, ನಿನ್ನೆಯದನ್ನೇ ಹಾಕಿ ಎಂದರು.

"ನಿನ್ನೇದು ಇಲ್ಲ ಮೇಡಂ. ಯಾವತ್ತಿಂದೂ ಇಲ್ಲ."

"ದಿನಾ ಆಗಿದೆ ಅಂತಿದ್ರಲ್ಲ?"

"ಹೆಸರು ನೋಡಿ ಹೇಳ್ತಿದ್ದೆ. ಒಳಗೆ ನೋಡ್ಲಿಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಸಾಲುಗಳು ಮುಗಿದಾಗ ಅವನಿಗೆ ನಂಬಿಕೆ ಬರಲಿಲ್ಲ. ಫೈಲನ್ನು ಪಕ್ಕದ ಕೋಣೆಯ ಲ್ಯಾಪ್‌ಟಾಪಿಗೆ ಒಯ್ದು, ಅಲ್ಲಿ ಬಿಚ್ಚಿ, ಬೆಂಚಿನ ಮೇಲಿನ ಹುಡುಗಿಯ ಹೆಸರನ್ನೇ ಒತ್ತಿದ. ಗೆರೆಗಳು ಬಂದವು. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ತೊದಲು ಮಾತಿನ ಕಾಲದ್ದು, ಎಲ್ಲವೂ. ಮೇಡಂ ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. ಆಮೇಲೆ ಅವರ ಸ್ವರ ಇಳಿಯಿತು.

"ಸಿಕ್ತಲ್ಲ, ಬಿಡಿ. ಮೊದಲು ಹೋಗಿ ಏನಾದ್ರೂ ತಿನ್ನಿ, ನಿಮ್ಮ ಮುಖ ನೋಡೋಕಾಗ್ತಿಲ್ಲ. ನಮ್ಮ ಇನ್ನೊಂದು ಬ್ರಾಂಚಿಗೂ ಬ್ಯಾಕಪ್ಪಿನ ಇದೇ ಏರ್ಪಾಟನ್ನ ನೀವೇ ಅಲ್ವಾ ಹಾಕಿಕೊಟ್ಟಿದ್ದು? ಅಲ್ಲಿಂದ ಇವತ್ತಿನವರೆಗೆ ಒಂದೇ ಒಂದು ದೂರು ಬಂದಿಲ್ಲ ನೋಡಿ. ಅದಕ್ಕೇ ನಾನು ಹೇಳೋದು, ನೀವು ಸುಮ್ಮನೆ ಮನಸ್ಸಿಗೆ..."

ಬ್ಯಾಕಪ್ಪ ಆಗಲೇ ಚೀಲವನ್ನು ಹೆಗಲಿಗೇರಿಸಿದ್ದ. ಮೇಡಂ ಇನ್ನೂ ಮಾತಾಡುತ್ತಿದ್ದಂತೆಯೇ ಬೆಂಚು ದಾಟಿ, ಬಾಗಿಲು ತಳ್ಳಿ, ಆ ಬ್ರಾಂಚಿನ ಬಸ್ಸು ಹಿಡಿಯಲು ನಿಲ್ದಾಣದ ಕಡೆ ಬಿರಬಿರನೆ ನಡೆದ.