ಗುರುವಾರ ಬೇಡ ಎಂದಿದ್ದ ಮಾಸ್ತರು

ಶಿರಾಲಿ ಹತ್ತಿರದ ಒಂದು ಶಾಲೆಯಲ್ಲಿ ರಮಾನಂದ ಮಾಸ್ತರು ಇಪ್ಪತ್ತೇಳು ವರ್ಷದಿಂದ ಸಂಗೀತ ಕಲಿಸುತ್ತಿದ್ದಾರೆ. ತಾಳದ ವಿಷಯಕ್ಕೆ ಬಂದರೆ ಅವರು ಯಾರಪ್ಪನ ಮಾತೂ ಕೇಳುವವರಲ್ಲ. ಹಾರ್ಮೋನಿಯಂ ಮುಂದೆ ಕೂತು ಒಮ್ಮೆ ತೊಡೆ ತಟ್ಟಿದರೆಂದರೆ ಮುಗಿಯಿತು, ಮಕ್ಕಳು ಅಲ್ಲೇ ಹಿಡಿಯಬೇಕು.

ಐದನೇ ತರಗತಿಯ ಅಂಕಿತಾಗೆ ಅದು ಆಗುತ್ತಿರಲಿಲ್ಲ. ಹುಟ್ಟಿನಿಂದಲೇ ಅವಳಿಗೆ ಎಲ್ಲವೂ ಸ್ವಲ್ಪ ನಿಧಾನ. ಉಳಿದವರು ಚಪ್ಪಾಳೆ ಹೊಡೆದು ಮುಗಿಸಿದ ಮೇಲೆ ಅವಳ ಚಪ್ಪಾಳೆ ಒಂಟಿಯಾಗಿ ಬೀಳುತ್ತಿತ್ತು, ಹುಡುಗರು ನಗುತ್ತಿದ್ದರು. ಪಾಪ, ಮಗುವಿಗೇಕೆ ಈ ಕಷ್ಟ ಎಂದು ಮಾಸ್ತರು ಅವಳ ತಾಯಿ ಬೆಳ್ಳಿಯನ್ನು ಕರೆದು, ಸಂಗೀತ ಇರುವ ಗುರುವಾರ ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳಲು ಹೇಳಿದರು. ತಾನೊಂದು ಉಪಕಾರ ಮಾಡಿದೆ ಎಂಬ ಸಮಾಧಾನ ಬೇರೆ.

ಅಷ್ಟರಲ್ಲಿ ಕುಮಟಾದಲ್ಲಿ ಮೂರು ತಾಲೂಕಿನ ಸಂಗೀತ ಶಿಕ್ಷಕರಿಗೆ ಎರಡು ದಿನದ ತರಬೇತಿ ಬಂತು. ಎಲ್ಲ ಬಗೆಯ ಮಕ್ಕಳನ್ನೂ ಒಂದೇ ತರಗತಿಯಲ್ಲಿ ಕೂರಿಸಿ ಕಲಿಸುವುದು ಹೇಗೆ ಎಂಬುದೇ ವಿಷಯ. 'ಈ ವಯಸ್ಸಲ್ಲಿ ನಮಗೆಂತ ಕಲಿಸ್ತಾರೆ' ಎಂದು ಗೊಣಗುತ್ತಲೇ ಮಾಸ್ತರು ಬಸ್ಸು ಹತ್ತಿದರು. ಹೊನ್ನಾವರ ದಾಟುವ ಹೊತ್ತಿಗೆ ಸೊಗಸಾದ ನಿದ್ದೆಯೂ ಆಗಿತ್ತು.

ತರಬೇತಿ ಕೊಡಲು ಬಂದವಳು ಸುಚಿತಾ, ಅವರ ಮಗಳ ವಯಸ್ಸಿನವಳು. ಬಲಗೈಯಲ್ಲಿ ಮೂರು ಪೆಟ್ಟು, ಎಡಗಾಲಲ್ಲಿ ನಾಲ್ಕು, ಎರಡೂ ಒಟ್ಟಿಗೇ ನಡೆಯಬೇಕು ಎಂದಳು. ಕಿರಿಯ ಶಿಕ್ಷಕರು ಎರಡೇ ನಿಮಿಷಕ್ಕೆ ಹಿಡಿದರು. ಮಾಸ್ತರರ ಕಾಲು ಕೈಯ ಹಿಂದೆ ಓಡಿತು. ಯಾರೋ ಕಿಸಕ್ಕೆಂದರು. ಸುಚಿತಾ ಬೇಕೆಂದೇ ಕಾಯದೆ ಮುಂದಿನ ಪಾಠಕ್ಕೆ ಹೋದಳು. ಮಾಸ್ತರು ಸದ್ದು ಬಾರದ ಹಾಗೆ ಮೇಜಿನ ಮೇಲೆ ಸುಮ್ಮನೆ ಬೆರಳಾಡಿಸುತ್ತ ಕೂತರು. ಎದ್ದು ಮನೆಗೆ ಹೋಗಿಬಿಡೋಣ ಎನ್ನಿಸಿತು.

"ಈಗ ಯಾರಿಗೆಲ್ಲ ಮನೆಗೆ ಹೋಗ್ವಾ ಅನ್ನಿಸ್ತು?" ಎಂದು ಕೇಳಿದಳು ಸುಚಿತಾ. ಮಾಸ್ತರು ಕೈ ಎತ್ತಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರಿಗೆ ಒಂಟಿಯಾಗಿ ಬೀಳುತ್ತಿದ್ದ ಅಂಕಿತಾಳ ಚಪ್ಪಾಳೆ ನೆನಪಾಯಿತು.

ತರಬೇತಿ ಮುಗಿದ ಮರುದಿನ, ಬುಧವಾರ, ಅವರು ನೇರ ಮೀನು ಪೇಟೆಗೆ ಹೋಗಿ ಬೆಳ್ಳಿಯ ಬುಟ್ಟಿಯ ಮುಂದೆ ನಿಂತರು.

"ಬಂಗಡೆ ಬೇಕನಾ ಮಾಸ್ತರೇ?"

"ಬೇಡ. ನಾಳೆ ಅಂಕಿತಾನ ಕಳ್ಸು."

"ನಾಳೆ ಗುರುವಾರ. ನೀವೇ ಬೇಡ ಅಂದದ್ದಲ್ಲ? ಈಗ ಅದಕ್ಕೇ ಬರೂಕೆ ಮನಸ್ಸಿಲ್ಲ. ಬುಧವಾರ ರಾತ್ರಿಯೇ ಚೀಲ ಅಡಗಿಸಿ ಇಡ್ತದೆ."

"ನಂದೇ ತಪ್ಪಾತು ಬೆಳ್ಳಿ. ಅದರ ಕೈ ತಡ ಅಂತ ನಾನೇ ದೂರ ಮಾಡ್ದೆ."

ಬೆಳ್ಳಿ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿದಳು. "ಸಮುದ್ರ ದಂಡೆ ಮೇಲೆ ಅದು ಎಂತಕ್ಕೂ ತಡ ಅಲ್ಲ. ದೋಣಿನ ನೀರಿಂದ ಮೇಲೆ ಎಳೂವಾಗ ಕೂಗು ಹಾಕೂದು ಅದೇ. ಎಲ್ಲರ ಕೈ ಹಗ್ಗಕ್ಕೆ ಬಿದ್ದದ್ದು ನೋಡ್ಕಂಡೇ ಕೂಗಬೇಕು. ಒಬ್ಬನ್ನ ಬಿಟ್ಟು ಕೂಗಿದ್ರೆ ದೋಣಿ ಓರೆಯಾಗ್ತದೆ."

ಮಾಸ್ತರು ಸಂಕೋಚಕ್ಕೆ ಒಂದು ಡಜನ್ ಬಂಗಡೆ ಕೊಂಡರು.

ಗುರುವಾರ ಬೆಳ್ಳಿ ಮಗಳನ್ನು ಕೈಹಿಡಿದು ತಂದು ಬಿಟ್ಟಳು. ಅಂಕಿತಾ ಬಾಗಿಲ ಬಳಿಯೇ ಕೂತಳು, ಯಾವ ಗಳಿಗೆಯಲ್ಲೂ ಎದ್ದು ಓಡುವವಳ ಹಾಗೆ. ಮಾಸ್ತರು ಹೋಗಿ ತಮ್ಮ ಕಂಚಿನ ತಾಳಗಳನ್ನು ಅವಳ ಕೈಗಿಟ್ಟರು. ಆ ತಾಳಗಳನ್ನು ಅವರು ಯಾವ ಮಕ್ಕಳಿಗೂ ಮುಟ್ಟಲು ಕೊಟ್ಟವರಲ್ಲ.

"ಇವತ್ತು ಹಾಡು ಶುರು ಮಾಡೂದು ಅಂಕಿತಾ. ಅದು ಬಡಿದ ಮೇಲೇ ಎಲ್ಲರೂ ಹಾಡೂದು," ಎಂದರು.

ಅವಳು ತಾಳ ಹಿಡಿದು ಸುಮ್ಮನೆ ಕೂತಳು. ಒಂದು ನಿಮಿಷವಾಯಿತು. ಹುಡುಗರು ಪಿಸುಗುಟ್ಟಿದರು. ಎಲ್ಲರೆದುರು ಮಗುವಿಗೆ ಮತ್ತೊಮ್ಮೆ ಅವಮಾನ ಮಾಡಿಸಿದೆನೇ ಎಂದು ಮಾಸ್ತರಿಗೆ ಅನ್ನಿಸಿತು. ತಡೆಯಲಾರದೆ ಅವರೇ ಹಾರ್ಮೋನಿಯಂ ಒತ್ತಿಬಿಟ್ಟರು.

"ತಡೀರಿ ಮಾಸ್ತರೇ," ಎಂದಳು ಅಂಕಿತಾ. "ನರೇಶ ಇನ್ನೂ ಕೂತ್ಕಳ್ಲಿಲ್ಲ."

ಹಿಂದಿನ ಸಾಲಿನಲ್ಲಿ ನರೇಶ ನಿಜಕ್ಕೂ ಬಗ್ಗಿ ಪೆನ್ಸಿಲ್ ಹುಡುಕುತ್ತಿದ್ದ. ಮಾಸ್ತರು ಬೆರಳು ತೆಗೆದರು. ಪೆನ್ಸಿಲ್ ಸಿಕ್ಕಿ ನರೇಶ ಕೂತ. ಅಂಕಿತಾ ಒಂದೊಂದೇ ಮುಖ ನೋಡಿದಳು, ಆಮೇಲೆ ತಾಳ ಬಡಿದಳು. ಮೂವತ್ತೆರಡು ಮಕ್ಕಳ ಬಾಯಿ ಒಟ್ಟಿಗೇ ತೆರೆಯಿತು. ಹಾಡು ಎಂದಿಗಿಂತ ನಿಧಾನವಾಗಿ ಸಾಗಿತು, ತೊಡೆ ತಟ್ಟುವ ಮಾಸ್ತರರ ಕೈ ಎರಡು ಸಲ ಮುಂದೋಡಿತು, ಆದರೂ ಅವರಿಗೆ ಬಹಳ ಸಂತೋಷವಾಯಿತು.

ಗಂಟೆ ಬಾರಿಸಿದ ಮೇಲೆ ಅಂಕಿತಾ ತಾಳ ಹಿಂದೆ ಕೊಡಲು ಬಂದಳು. ಕೊಡದೆ ಹಾಗೇ ನಿಂತಳು.

"ನಾಳೆನೂ ಗುರುವಾರನಾ ಮಾಸ್ತರೇ?"

ಅಲ್ಲ ಎನ್ನಲು ಮಾಸ್ತರಿಗೆ ನಾಲಿಗೆ ಬರಲಿಲ್ಲ. ಗಣಿತದ ದಿನಕರ ಮಾಸ್ತರರ ಕೈಕಾಲು ಹಿಡಿದಾದರೂ ನಾಳೆಗೆ ಒಂದು ಪಿರಿಯಡ್ ಪಡೆದರಾಯಿತು ಎಂದುಕೊಂಡು, "ಹೌದು," ಎಂದರು.